ದೊಡ್ಡಪ್ಪನ ದವಡೆಯಲ್ಲಿರುವುದು ಯಾವ ಲೋಹ?

ದನದ ಬಾಯಿ ಬಿಡಿಸಿ ವಯಸ್ಸು ಹೇಳುವುದರಲ್ಲಿ ನಮ್ಮ ದೊಡ್ಡಪ್ಪ ಪಳಗಿದವರು. ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಬಾಯಿಗೂಡಿದ್ದು ಎಂದು ನೋಡಿದ ಕೂಡಲೇ ಹೇಳಿ ಎತ್ತಿಗೆ ಬೆಲೆ ಕಟ್ಟುತ್ತಿದ್ದರು. ಅಮೃತ ಮಹಲ್ ತಳಿ ಸಂವರ್ಧನಾ ಕೇಂದ್ರ ಇರುವ ಅಜ್ಜಂಪುರದ ಕಡೆಯವರಿಗೆ ಇದು ದೊಡ್ಡ ವಿದ್ಯೆಯೇನಲ್ಲ. ಆದರೆ ಕಳೆದ ವರ್ಷ ದೊಡ್ಡಪ್ಪನ ಸ್ವಂತ ಬಾಯಿಯೊಳಗೆ ಏನಿದೆ ಎಂಬುದನ್ನು ಹೇಳಲು ಮೂರು ಊರುಗಳಲ್ಲಿ ಯಾರಿಗೂ ಆಗಲಿಲ್ಲ.

ಅಡಿಕೆ, ಹೊಗೆಸೊಪ್ಪು ಎರಡೂ ಸೇರಿ ಅವರ ಕೆಳದವಡೆಯ ಬಲಗಡೆಯ ಹಲ್ಲುಗಳನ್ನು ಐವತ್ತೈದಕ್ಕೇ ಉದುರಿಸಿದ್ದವು. ಈರುಳ್ಳಿಗೆ ಒಳ್ಳೆಯ ರೇಟು ಸಿಕ್ಕ ಒಂದು ವರ್ಷ, ಬಂದ ದುಡ್ಡಿನಲ್ಲಿ ಅರ್ಧದಷ್ಟನ್ನು ಪೇಟೆಯ ಒಂದು ಕ್ಲಿನಿಕ್ಕಿಗೆ ಕೊಟ್ಟು ಎರಡು ಹಲ್ಲು ಕೂರಿಸಿಕೊಂಡು ಬಂದರು. ಸೆಟ್ಟಲ್ಲ, ತಂತಿ ಕಟ್ಟಿದ್ದಲ್ಲ, ದವಡೆಯ ಮೂಳೆಗೇ ಸ್ಕ್ರೂ ಹಾಕಿ ನಿಲ್ಲಿಸುವ ಇಂಪ್ಲಾಂಟ್. ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ ಎನ್ನುತ್ತಾರಲ್ಲ, ನಮಗೀಗ ಎರಡೂ ಇವೆ ಎಂದು ಹುರಿಗಡಲೆ ಜಗಿದು ತೋರಿಸುತ್ತಿದ್ದರು.

ಕಳೆದ ವರ್ಷ ಅದರಲ್ಲೊಂದು ಹಲ್ಲು ಅಲ್ಲಾಡತೊಡಗಿತು. ಹಾಕಿದ ಕ್ಲಿನಿಕ್ ಬಾಗಿಲು ಮುಚ್ಚಿ ಎರಡು ವರ್ಷವಾಗಿತ್ತು. ಬೇರೊಬ್ಬ ವೈದ್ಯರ ಬಳಿ ಕರೆದುಕೊಂಡು ಹೋದೆವು. ಮೂಳೆಯೊಳಗಿನ ಭಾಗ ಭದ್ರವಾಗಿದೆ, ಮೇಲಿನ ಕ್ಯಾಪನ್ನು ಹಿಡಿದಿರುವ ಚಿಕ್ಕ ಸ್ಕ್ರೂ ಸಡಿಲವಾಗಿದೆ, ಬಿಗಿ ಮಾಡಿದರೆ ಸಾಕು ಎಂದರು. ಸಮಸ್ಯೆ ಶುರುವಾದದ್ದು ಅಲ್ಲಿಂದ.

“ಯಜಮಾನ್ರೇ, ಯಾವ ಕಂಪನಿದು ಹಾಕಿದ್ರು? ಕಾರ್ಡ್ ಏನಾದ್ರೂ ಕೊಟ್ಟಿದ್ರಾ?”

“ಅದೆಲ್ಲ ನಂಗೊತ್ತಿಲ್ಲ ಡಾಕ್ಟ್ರೇ. ಕಬ್ಬಿಣ ಅಲ್ಲ ಅಂದಿದ್ರು. ಬೆಳ್ಳಿ ಥರ ಬೆಳ್ಳಗಿತ್ತು.”

ಒಂದೊಂದು ಕಂಪನಿಯ ಸ್ಕ್ರೂವಿನ ತಲೆ ಒಂದೊಂದು ಥರ. ಕೆಲವದು ಆರು ಮೂಲೆ, ಕೆಲವದು ನಕ್ಷತ್ರದ ಆಕಾರ, ಅಳತೆಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ. ಹೊಂದದ ಡ್ರೈವರ್ ಹಾಕಿ ತಿರುಗಿಸಿದರೆ ಹಲ್ಲೆಲ್ಲ ಸವೆದು ಸ್ಕ್ರೂ ಅಲ್ಲೇ ಕಚ್ಚಿಕೊಳ್ಳುತ್ತದೆ. ಟ್ರ್ಯಾಕ್ಟರಿನ ಬೋಲ್ಟಿಗೆ ತಪ್ಪು ಸ್ಪ್ಯಾನರ್ ಹಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಕ್ಸ್‌ರೇ ತೆಗೆದರು. ಅದರಲ್ಲಿ ಆಕಾರ ಕಾಣಿಸಿತು, ಹೆಸರು ಕಾಣಿಸಲಿಲ್ಲ.

ಆ ಓಡಾಟದ ನಡುವೆ ನಮ್ಮ ತಲೆಯಲ್ಲಿ ಉಳಿದದ್ದು ದೊಡ್ಡಪ್ಪನ ಒಂದೇ ಮಾತು: ಕಬ್ಬಿಣ ಅಲ್ಲ ಅಂದಿದ್ರು. ಕಬ್ಬಿಣ ಯಾಕಲ್ಲ? ಕಬ್ಬಿಣದ ಸೀಮೆಯವರಾದ ನಾವು ಈ ಪ್ರಶ್ನೆ ಕೇಳಲೇಬೇಕು. 1947ರವರೆಗೆ ನಮ್ಮ ಜಿಲ್ಲೆಯ ಹೆಸರೇ ಕಡೂರು ಜಿಲ್ಲೆ. ಬಾಬಾಬುಡನ್ ಗಿರಿಯ ಸುತ್ತ, ಉಬ್ರಾಣಿ ಗುಡ್ಡಗಳ ಬದಿಯಲ್ಲಿ ಹಿಂದೆ ಅದಿರು ಕರಗಿಸಿ ಕಬ್ಬಿಣ ತೆಗೆಯುತ್ತಿದ್ದ ಸಂಗತಿ ಹಳೆಯ ಮೈಸೂರು ಗೆಜೆಟಿಯರಿನಲ್ಲಿಯೇ ಇದೆ. ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಯಿಂದ ಅದಿರು ರೋಪ್‌ವೇಯಲ್ಲಿ ತಣಿಗೆಬೈಲಿಗೆ ಇಳಿದು, ಅಲ್ಲಿಂದ ಭದ್ರಾವತಿಗೆ ಹೋಗುತ್ತಿತ್ತು. ಅಲ್ಲಿ 1923ರ ಜನವರಿ 18ರಂದು ಮೈಸೂರು ಕಬ್ಬಿಣದ ಕಾರ್ಖಾನೆ ಕೆಲಸ ಆರಂಭಿಸಿತು. ಕಾರ್ಖಾನೆಯ ಮೊದಲ ಕುಲುಮೆ ಉರಿದದ್ದು ಮಲೆನಾಡಿನ ಕಾಡು ಕಡಿದು ಸುಟ್ಟ ಇದ್ದಿಲಿನಿಂದ.

ಕೆಮ್ಮಣ್ಣುಗುಂಡಿ ಎಂಬ ಹೆಸರಲ್ಲೇ ಉತ್ತರದ ಒಂದು ತುಂಡು ಇದೆ. ಆ ಕೆಂಪು ತುಕ್ಕಿನ ಕೆಂಪು. ಅದಿರು ಎಂದರೆ ಆಮ್ಲಜನಕದ ಜೊತೆ ಸೇರಿಕೊಂಡ ಕಬ್ಬಿಣ. ಕುಲುಮೆಯಲ್ಲಿ ಇದ್ದಿಲು ಆ ಆಮ್ಲಜನಕವನ್ನು ಎಳೆದುಕೊಂಡು ಕಬ್ಬಿಣವನ್ನು ಬಿಡಿಸುತ್ತದೆ. ಹಾಗೆ ಬಿಡಿಸಿದ ಕಬ್ಬಿಣ ನೀರು, ಗಾಳಿ, ಉಪ್ಪು ಸಿಕ್ಕಿದಾಗಲೆಲ್ಲ ಮತ್ತೆ ಕೆಮ್ಮಣ್ಣಾಗಲು ಹೊರಡುತ್ತದೆ. ಮನುಷ್ಯನ ಬಾಯಿಯಲ್ಲಿ ಈ ಮೂರೂ ಇವೆ. ಸಾಲದ್ದಕ್ಕೆ ಹುಣಸೆಹಣ್ಣಿನ ಹುಳಿ, ಬಿಸಿ ಕಾಫಿ, ಹಲ್ಲುಸಂದಿಯಲ್ಲಿ ಕೂತು ಆಮ್ಲ ಬಿಡುವ ಬ್ಯಾಕ್ಟೀರಿಯಾ. ಕಬ್ಬಿಣದ ತುಕ್ಕು ಪದರಪದರವಾಗಿ ಕಳಚಿ ಬೀಳುವುದರಿಂದ ಒಳಗಿನ ಲೋಹಕ್ಕೆ ರಕ್ಷಣೆಯೂ ಸಿಗುವುದಿಲ್ಲ.

ಇಷ್ಟಾದರೂ ಕಬ್ಬಿಣವನ್ನು ದವಡೆಗೆ ಹಾಕಿ ನೋಡಿದವರು ಇದ್ದರು. ಫ್ರಾನ್ಸಿನ ಶಾಂತಾಂಬ್ರ್ ಎಂಬಲ್ಲಿಯ ರೋಮನ್ ಕಾಲದ ಸ್ಮಶಾನದಲ್ಲಿ ಸಿಕ್ಕ ಒಬ್ಬ ಗಂಡಸಿನ ಮೇಲ್ದವಡೆಯಲ್ಲಿ ಹಲ್ಲಿನ ಜಾಗದಲ್ಲಿ ಬಡಿದು ಮಾಡಿದ ಕಬ್ಬಿಣದ ಹಲ್ಲಿತ್ತು ಎಂದು 1998ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವರದಿಯಾಯಿತು. ಕ್ರಿ.ಶ. ಒಂದು ಅಥವಾ ಎರಡನೆಯ ಶತಮಾನದ್ದು. ಮೂಳೆ ಅದನ್ನು ಒಪ್ಪಿಕೊಂಡಿತ್ತು ಎಂದು ಸಂಶೋಧಕರು ವಾದಿಸಿದರು. ಅದು ಕಬ್ಬಿಣವೇ ಅಲ್ಲ, ಮಣ್ಣಿನಲ್ಲಿ ಬಣ್ಣ ಕಟ್ಟಿದ ಮಾಮೂಲಿ ಹಲ್ಲು ಎಂದು ತಕರಾರು ತೆಗೆದವರೂ ಇದ್ದಾರೆ. ನಮಗೆ ತಕರಾರಿನವರ ಮಾತಿನಲ್ಲೇ ಹೆಚ್ಚು ನಂಬಿಕೆ, ಆದರೆ ಹಳ್ಳಿಯ ಕಮ್ಮಾರನೊಬ್ಬ ಕಿತ್ತುಹೋದ ಹಲ್ಲನ್ನು ನೋಡಿ ಅದೇ ಅಳತೆಗೆ ಕಬ್ಬಿಣ ತಟ್ಟುವ ಚಿತ್ರವನ್ನು ಬಿಡಲು ಮನಸ್ಸಾಗುವುದಿಲ್ಲ.

ಕಬ್ಬಿಣ ಬೇಡವೆಂದರೆ ತುಕ್ಕೇ ಹಿಡಿಯದ ಲೋಹ ಹಾಕೋಣ ಎನ್ನುವುದು ಎಲ್ಲರಿಗೂ ಹೊಳೆಯುವ ಯೋಚನೆ. ತುಕ್ಕು ಹಿಡಿಯದ್ದು ಯಾವುದು? ಚಿನ್ನ. ಅಜ್ಜಂಪುರದ ಸುತ್ತಮುತ್ತಲೂ ಹಳೆಯ ಕಾಲದ ಚಿನ್ನದ ಗುಂಡಿಗಳಿದ್ದವೆಂದು ಭೂವಿಜ್ಞಾನಿಗಳು ಬರೆದಿದ್ದಾರೆ, ಆ ಕಥೆ ಇನ್ನೊಂದು ದಿನಕ್ಕಿರಲಿ. 1809ರಲ್ಲಿ ಮಾಜ್ಜೋಲೊ ಎಂಬ ದಂತವೈದ್ಯ ಹಲ್ಲು ಕಿತ್ತ ಗುಳಿಯಲ್ಲಿ ಚಿನ್ನದ ಬೇರನ್ನು ಕೂರಿಸಿ, ಅದು ನೆಲೆಗೊಂಡ ಮೇಲೆ ಹಲ್ಲು ಜೋಡಿಸುವ ವಿಧಾನವನ್ನು ವಿವರಿಸಿದ. ಆಮೇಲೆ ಆ ಶತಮಾನದುದ್ದಕ್ಕೂ ಪ್ಲಾಟಿನಂ, ಬೆಳ್ಳಿ, ಸೀಸ ಎಂದು ಕೈಗೆ ಸಿಕ್ಕಿದ್ದನ್ನೆಲ್ಲ ಪ್ರಯತ್ನಿಸಿದರು. ಸೀಸ ವಿಷ, ಬೆಳ್ಳಿ ಕಪ್ಪಾಗುತ್ತದೆ. ಚಿನ್ನ, ಪ್ಲಾಟಿನಂ ಕೆಡುವುದಿಲ್ಲ ನಿಜ, ಆದರೆ ಮೂಳೆ ಅವನ್ನು ಹಿಡಿದುಕೊಳ್ಳುವುದಿಲ್ಲ. ಸುತ್ತ ಮೆತ್ತನೆಯ ನಾರಿನ ಪದರ ಬೆಳೆದು ಹಲ್ಲು ಸಡಿಲವಾಗುತ್ತದೆ, ಕೀವು ತುಂಬುತ್ತದೆ, ಹೊರಬರುತ್ತದೆ. ಮೆತ್ತನೆ ಮಣ್ಣಿಗೆ ಹುಗಿದ ಬೇಲಿ ಗೂಟದ ಹಾಗೆ.

ಅಮೆರಿಕದ ಇ. ಜೆ. ಗ್ರೀನ್‌ಫೀಲ್ಡ್ 1913ರಲ್ಲಿ ಪ್ರಕಟಿಸಿದ ವಿಧಾನ ಸ್ವಲ್ಪ ಬುದ್ಧಿವಂತಿಕೆಯದು. ಇರಿಡಿಯಂ ಬೆರೆತ ಪ್ಲಾಟಿನಂ ತಂತಿಯನ್ನು ಹೆಣೆದು, 24 ಕ್ಯಾರೆಟ್ ಚಿನ್ನದಿಂದ ಬೆಸೆದು, ಟೊಳ್ಳು ಪಂಜರದಂಥ ಬೇರು ಮಾಡಿದ. ಮೂಳೆ ಪಂಜರದ ಕಂಡಿಗಳೊಳಗೆ ಬೆಳೆದು ಹಿಡಿದುಕೊಳ್ಳಲಿ ಎಂಬುದು ಅವನ ಲೆಕ್ಕ. ಲೋಹ ಗಟ್ಟಿಯಿದ್ದರೆ ಸಾಲದು, ಮೂಳೆಗೆ ಬೆಳೆಯಲು ಜಾಗ ಬೇಕು ಎಂಬುದನ್ನು ಅವನು ಕಂಡುಕೊಂಡಿದ್ದ. ಅದೇ 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹ್ಯಾರಿ ಬ್ರಿಯರ್ಲಿ ಕ್ರೋಮಿಯಂ ಬೆರೆಸಿದ ತುಕ್ಕು ಹಿಡಿಯದ ಉಕ್ಕನ್ನು ತಯಾರಿಸಿದ. ನಮ್ಮ ಕಡೆ ಆಗ ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿ ವರ್ಷವಾಗಿತ್ತಷ್ಟೆ. ಭದ್ರಾವತಿಯ ಕುಲುಮೆ ಹೊತ್ತಿಕೊಳ್ಳಲು ಇನ್ನೂ ಹತ್ತು ವರ್ಷ ಬಾಕಿಯಿತ್ತು.

ಸ್ಟೀಲ್ ತಟ್ಟೆಯಲ್ಲಿ ದಿನಾ ಉಣ್ಣುವ ನಮಗೆ ಅದರ ಗುಟ್ಟು ಗೊತ್ತಿರುವುದು ಕಡಿಮೆ. ಸ್ಟೇನ್‌ಲೆಸ್ ಸ್ಟೀಲಿಗೂ ತುಕ್ಕು ಹಿಡಿಯುತ್ತದೆ. ಆದರೆ ಹಿಡಿಯುವುದು ಕ್ರೋಮಿಯಂನ ತುಕ್ಕು. ಅದು ಕಣ್ಣಿಗೆ ಕಾಣದಷ್ಟು ತೆಳ್ಳಗೆ, ಬಿಗಿಯಾಗಿ ಹರಡಿಕೊಂಡು ಗಾಳಿ ನೀರು ಒಳಗೆ ಹೋಗದಂತೆ ಮುಚ್ಚಿಬಿಡುತ್ತದೆ. ಆ ಕ್ರೋಮಿಯಂನ ಅದಿರು ನಮ್ಮ ಪಕ್ಕದ ಹಾಸನ ಜಿಲ್ಲೆಯ ಬೈರಾಪುರದ ಭೂಮಿಯಲ್ಲಿದೆ. ಚಿನ್ನದ ಹಾಗೆ ಸುಮ್ಮನೆ ಕೂರುವ ಲೋಹವನ್ನು ಹುಡುಕುವುದು ಬಿಟ್ಟು, ಸರಿಯಾಗಿ ತುಕ್ಕು ಹಿಡಿಯುವ ಲೋಹವನ್ನು ಹುಡುಕಿದಾಗ ದಾರಿ ತೆರೆಯಿತು. ಇಪ್ಪತ್ತನೆಯ ಶತಮಾನದಲ್ಲಿ ದವಡೆಗೆ ಹಾಕಿದ ಲೋಹಗಳ ಕಥೆಯೆಲ್ಲ ಈ ತಿರುವಿನಿಂದ ಬಂದದ್ದು.

ಮೊದಲು ಹೆಸರು ಮಾಡಿದ್ದು ಕೋಬಾಲ್ಟ್, ಕ್ರೋಮಿಯಂ, ಮಾಲಿಬ್ಡಿನಂ ಬೆರೆತ ವೈಟಾಲಿಯಂ. 1932ರ ಹೊತ್ತಿಗೆ ಇದನ್ನು ಹಲ್ಲಿನ ಸೆಟ್ಟಿನ ಚೌಕಟ್ಟಿಗಾಗಿ, ಚಿನ್ನಕ್ಕಿಂತ ಅಗ್ಗವಾಗಲಿ ಎಂದು ಮಾಡಿದ್ದರು. ಮೂಳೆಗೆ ಹಾಕುವ ಉದ್ದೇಶ ಇರಲಿಲ್ಲ. ಅಮೆರಿಕದ ವೆನಬಲ್ ಮತ್ತು ಸ್ಟಕ್ ಎಂಬ ಇಬ್ಬರು ಶಸ್ತ್ರವೈದ್ಯರು ಪ್ರಾಣಿಗಳ ಮೂಳೆಯಲ್ಲಿ ಬೇರೆಬೇರೆ ಲೋಹ ಹಾಕಿ ನೋಡಿದಾಗ ಒಂದು ವಿಷಯ ಸ್ಪಷ್ಟವಾಯಿತು. ದೇಹದೊಳಗಿನ ರಸ ಉಪ್ಪುನೀರಿನಂಥದು. ಅದರಲ್ಲಿ ಎರಡು ಬೇರೆ ಲೋಹಗಳಿದ್ದರೆ ಬ್ಯಾಟರಿಯ ಹಾಗೆ ಕರೆಂಟು ಹರಿದು ಒಂದು ಲೋಹ ಕರಗತೊಡಗುತ್ತದೆ, ಸುತ್ತಲ ಮೂಳೆ ಕೆಡುತ್ತದೆ. ವೈಟಾಲಿಯಂ ಮಾತ್ರ ಹೆಚ್ಚುಕಡಿಮೆ ತಟಸ್ಥವಾಗಿತ್ತು. ಇದನ್ನು ಓದಿ ಬೋಸ್ಟನ್ನಿನ ಆಲ್ವಿನ್ ಮತ್ತು ಮೋಸೆಸ್ ಸ್ಟ್ರಾಕ್ ಎಂಬ ಅಣ್ಣತಮ್ಮಂದಿರು 1930ರ ದಶಕದ ಕೊನೆಯಲ್ಲಿ ವೈಟಾಲಿಯಂ ಸ್ಕ್ರೂಗಳನ್ನು ದವಡೆಗೆ ಹಾಕಿದರು. ಕೆಲವು ಹಲ್ಲು ವರ್ಷಗಟ್ಟಲೆ ನಿಂತವು.

ಮುಂದಿನ ಮೂರು ದಶಕ ಒಂಥರಾ ಸಂತೆ. ಇಟಲಿಯ ಫೊರ್ಮಿಜ್ಜೀನಿ ಉಕ್ಕಿನ ತಂತಿಯನ್ನು ಸುರುಳಿ ಮಾಡಿ ಹಾಕಿದ. ಸ್ವೀಡನ್ನಿನ ಗುಸ್ತಾವ್ ಡಾಲ್ ಮೂಳೆಯ ಮೇಲೆ, ವಸಡಿನ ಕೆಳಗೆ ಕುದುರೆ ಜೀನಿನ ಹಾಗೆ ಲೋಹದ ಚೌಕಟ್ಟು ಕೂರಿಸಿದ. ಅಮೆರಿಕದ ಲಿನಾರ್ಡ್ ಲಿಂಕೋವ್ 1960ರ ದಶಕದಲ್ಲಿ ಬ್ಲೇಡಿನ ಆಕಾರದ್ದನ್ನು ತಂದ. ಎಲ್ಲಕ್ಕೂ ಅಷ್ಟಷ್ಟು ಯಶಸ್ಸು, ಅಷ್ಟಷ್ಟು ಸೋಲು. ಲೋಹಕ್ಕೂ ಮೂಳೆಗೂ ನಡುವೆ ನಾರಿನ ಪದರ ಬರುವುದನ್ನು ಯಾರೂ ತಪ್ಪಿಸಲಾಗಲಿಲ್ಲ. ಆ ಪದರ ಇರುವುದೇ ಒಳ್ಳೆಯದು, ನಿಜವಾದ ಹಲ್ಲಿಗೂ ಅಂಥದ್ದೊಂದು ಇದೆಯಲ್ಲ ಎಂದು ಸಮಾಧಾನ ಹೇಳಿದವರೇ ಹೆಚ್ಚು.

ಇನ್ನು ಟೈಟಾನಿಯಂ ವಿಷಯಕ್ಕೆ ಬರೋಣ. ದೊಡ್ಡಪ್ಪ ಬೆಳ್ಳಿ ಥರ ಎಂದದ್ದು ಬಹುಮಟ್ಟಿಗೆ ಇದನ್ನೇ.

ಇದು ಅಪರೂಪದ ಲೋಹವೇನಲ್ಲ. 1791ರಲ್ಲಿ ಇಂಗ್ಲೆಂಡಿನ ವಿಲಿಯಂ ಗ್ರೆಗರ್ ಎಂಬ ಪಾದ್ರಿ ಹೊಳೆಯ ಕಪ್ಪು ಮರಳಿನಲ್ಲಿ ಇದರ ಸುಳಿವು ಕಂಡ. 1795ರಲ್ಲಿ ಜರ್ಮನಿಯ ಕ್ಲಾಪ್ರೋತ್ ಹೆಸರಿಟ್ಟ. ನಮ್ಮ ಕಡೆಯೇ ಇದೆ. ಅಜ್ಜಂಪುರದ ಉತ್ತರಕ್ಕೆ ತಾಲ್ಲೂಕಿನ ಗಡಿ ದಾಟಿದರೆ ಸಿಗುವ ಚನ್ನಗಿರಿ ತಾಲ್ಲೂಕಿನ ಉಬ್ರಾಣಿ, ಮಸಣಿಕೆರೆ ಭಾಗದ ಕಬ್ಬಿಣದ ಅದಿರಿನಲ್ಲಿ ಟೈಟಾನಿಯಂ ಮತ್ತು ವನೇಡಿಯಂ ಎರಡೂ ಬೆರೆತಿವೆ. ಭೂವಿಜ್ಞಾನದ ಪುಸ್ತಕಗಳಲ್ಲಿ ಈ ಊರುಗಳ ಹೆಸರು ಈ ಕಾರಣಕ್ಕೇ ಬರುತ್ತದೆ. ಈ ಎರಡು ಲೋಹಗಳ ಹೆಸರನ್ನು ಓದುಗರು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಾಗಾದರೆ ಭದ್ರಾವತಿಯಲ್ಲಿ ಕಬ್ಬಿಣದ ಜೊತೆಗೇ ಟೈಟಾನಿಯಂ ತೆಗೆಯಬಹುದಿತ್ತಲ್ಲ? ಆಗುವುದಿಲ್ಲ. ಊದುಕುಲುಮೆಗೆ ಟೈಟಾನಿಯಂ ಹೆಚ್ಚಿರುವ ಅದಿರು ಹಾಕಿದರೆ ಅದು ಕಿಟ್ಟದೊಳಗೆ ಸೇರಿ, ಕಿಟ್ಟ ಮಂದವಾಗಿ ಹರಿಯದೆ ನಿಲ್ಲುತ್ತದೆ. ಕಬ್ಬಿಣದವರು ಅಂಥ ಅದಿರನ್ನು ದೂರವೇ ಇಡುತ್ತಾರೆ. ಇದ್ದಿಲಿನಿಂದ ನೇರವಾಗಿ ಟೈಟಾನಿಯಂ ಬಿಡಿಸಲು ಹೋದರೆ ಇದ್ದಿಲಿನ ಕಾರ್ಬನ್ನನ್ನೇ ಅದು ಕಚ್ಚಿಕೊಂಡು ಕಾರ್ಬೈಡ್ ಆಗಿಬಿಡುತ್ತದೆ. ಗಾಳಿಯಲ್ಲಿ ಕರಗಿಸಿದರೆ ಆಮ್ಲಜನಕ, ಸಾರಜನಕ ಎರಡನ್ನೂ ಕುಡಿದು ಪಿಂಗಾಣಿಯ ಹಾಗೆ ಒಡೆಯುತ್ತದೆ. ಕಬ್ಬಿಣಕ್ಕೆ ಕಲಿತ ಯಾವ ವಿದ್ಯೆಯೂ ಇಲ್ಲಿ ನಡೆಯುವುದಿಲ್ಲ. ಹೆಸರಿಟ್ಟ ಮೇಲೆ ಸುಮಾರು ಒಂದೂವರೆ ಶತಮಾನ ಕಳೆದು, 1940ರ ಹೊತ್ತಿಗೆ ವಿಲಿಯಂ ಕ್ರೋಲ್ ರೂಪಿಸಿದ ವಿಧಾನದಿಂದಲೇ ಇದು ಕೈಗೆ ಬಂದದ್ದು. ಅದಿರನ್ನು ಕ್ಲೋರಿನ್ ಜೊತೆ ಸೇರಿಸಿ ದ್ರವವಾಗಿಸಿ, ಗಾಳಿ ಸೋಕದಂತೆ ಆರ್ಗಾನ್ ಅನಿಲದೊಳಗೆ ಮೆಗ್ನೀಷಿಯಂ ಹಾಕಿ ಬಿಡಿಸುತ್ತಾರೆ. ಕೊನೆಗೆ ಸಿಗುವುದು ಸ್ಪಂಜಿನಂಥ ತೂತುತೂತಿನ ಬೂದು ಲೋಹ. ನಮ್ಮ ದೇಶದಲ್ಲಿ ಕೇರಳದ ಚವರದ ಕಡಲಮರಳಿನಿಂದ ಈ ಸ್ಪಂಜು ಮಾಡುವ ಘಟಕ ಶುರುವಾದದ್ದು 2011ರಲ್ಲಿ. ಟೈಟಾನಿಯಂ ಯಾಕೆ ದುಬಾರಿ ಎಂದು ಕೇಳುವವರಿಗೆ ಉತ್ತರ ಇದೇ. ಮಣ್ಣಿನಲ್ಲಿ ಕಡಿಮೆ ಇದೆ ಎಂದಲ್ಲ, ಮಣ್ಣಿನಿಂದ ಬಿಡಿಸುವುದು ಕಷ್ಟ.

ಆಮ್ಲಜನಕದ ಮೇಲಿನ ಈ ಹಸಿವೇ ದವಡೆಯಲ್ಲಿ ವರವಾಯಿತು. ಟೈಟಾನಿಯಂ ಸ್ಕ್ರೂ ಕೆತ್ತಿದ ಕ್ಷಣವೇ ಅದರ ಮೈಮೇಲೆ ಆಕ್ಸೈಡಿನ ಪದರ ಕಟ್ಟುತ್ತದೆ. ದಪ್ಪ ಕೆಲವೇ ನ್ಯಾನೋಮೀಟರ್, ಅಂದರೆ ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿ ಅದರಲ್ಲಿ ಕೆಲವು ಪಾಲು. ಗೀರಿದರೆ ಕ್ಷಣಾರ್ಧದಲ್ಲಿ ಮತ್ತೆ ಕಟ್ಟಿಕೊಳ್ಳುತ್ತದೆ. ಮೂಳೆಯ ಜೀವಕೋಶಗಳಿಗೆ ಸಿಗುವುದು ಲೋಹವಲ್ಲ, ಈ ಪದರ. ಅದನ್ನು ಅವು ಪರಕೀಯವೆಂದು ದೂರ ಮಾಡದೆ, ಅದರ ಮೇಲೇ ಬಂದು ಕೂತು ಮೂಳೆ ಕಟ್ಟುತ್ತವೆ.

ಇದನ್ನು ಮೊದಲು ಕಂಡವರು ಹಲ್ಲಿನ ಡಾಕ್ಟರುಗಳಲ್ಲ. 1940ರಲ್ಲಿ ಬೋಥ್ ಮತ್ತು ಸಂಗಡಿಗರು ಬೆಕ್ಕಿನ ತೊಡೆಮೂಳೆಯಲ್ಲಿ ಟೈಟಾನಿಯಂ ಹಾಕಿ, ಮೂಳೆ ಅದಕ್ಕೆ ಅಂಟಿಕೊಳ್ಳುವಂತಿದೆ ಎಂದು ಬರೆದರು. 1951ರಲ್ಲಿ ಲೆವೆಂತಾಲ್ ಇಲಿಯ ಮೂಳೆಯಲ್ಲಿ ಹಾಕಿದ ಸ್ಕ್ರೂ ದಿನ ಕಳೆದಂತೆ ಸಡಿಲವಾಗುವ ಬದಲು ಬಿಗಿಯಾಗುತ್ತದೆ ಎಂದು ತೋರಿಸಿದ. 16 ವಾರದ ಹೊತ್ತಿಗೆ ಬಿಚ್ಚಲು ಹೋದರೆ ಸ್ಕ್ರೂ ಬರುವ ಬದಲು ಮೂಳೆಯೇ ಮುರಿಯಿತು. ಅಲ್ಲಿಯವರೆಗೆ ಎಲ್ಲ ಲೋಹಗಳದ್ದೂ ಒಂದೇ ದೂರಾಗಿತ್ತು, ಸಡಿಲವಾಗುತ್ತದೆ ಎಂದು. ಅದಕ್ಕೆ ಉತ್ತರ ಇಲಿಯ ಕಾಲಿನಲ್ಲಿ ಸಿಕ್ಕಿತ್ತು. ಯಾರೂ ಗಮನಿಸಲಿಲ್ಲ.

1952ರಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ಪರ್-ಇಂಗ್ವಾರ್ ಬ್ರೋನೆಮಾರ್ಕ್ ಎಂಬ ಸಂಶೋಧಕ ಮೂಳೆಯಲ್ಲಿ ರಕ್ತ ಹೇಗೆ ಹರಿಯುತ್ತದೆ ಎಂದು ನೋಡಲು ಮೊಲದ ಕಾಲಿನ ಮೂಳೆಗೆ ಪುಟ್ಟ ಲೋಹದ ಕಿಟಕಿಯೊಂದನ್ನು ತಿರುಚಿ ಕೂರಿಸಿದ್ದ. ಮೊದಲು ಟ್ಯಾಂಟಲಂ ಬಳಸುವ ಯೋಚನೆ ಇತ್ತು. ಅದು ಸುಲಭವಾಗಿ ಸಿಗಲಿಲ್ಲ, ಟೈಟಾನಿಯಂ ಹಾಕಿದ. ಪ್ರಯೋಗ ಮುಗಿದ ಮೇಲೆ ಆ ದುಬಾರಿ ಕಿಟಕಿಯನ್ನು ಬಿಚ್ಚಿ ಇನ್ನೊಂದು ಮೊಲಕ್ಕೆ ಹಾಕಬೇಕಿತ್ತು. ಬರಲೇ ಇಲ್ಲ. ಲೋಹವೂ ಮೂಳೆಯೂ ಒಂದಾಗಿದ್ದವು. ಉಪಕರಣ ಹಾಳಾಯಿತು ಎಂದು ಕೈ ಕೊಡವಿ ಎದ್ದುಹೋಗದೆ, ಯಾಕೆ ಬರಲಿಲ್ಲ ಎಂದು ಹದಿಮೂರು ವರ್ಷ ಹುಡುಕಿದ್ದು ಅವನ ದೊಡ್ಡತನ. 1965ರಲ್ಲಿ ಗೋಥೆನ್‌ಬರ್ಗ್‌ನಲ್ಲಿ ಯೋಸ್ತಾ ಲಾರ್ಸನ್ ಎಂಬ 34 ವರ್ಷದವನ ಕೆಳದವಡೆಗೆ ನಾಲ್ಕು ಟೈಟಾನಿಯಂ ಸ್ಕ್ರೂ ಹಾಕಿದ. ಹುಟ್ಟಿನಿಂದಲೇ ದವಡೆಯ ತೊಂದರೆ ಇದ್ದು, ಕೆಳಗೆ ಹಲ್ಲೇ ಇಲ್ಲದೆ ಉಣ್ಣಲು, ಮಾತಾಡಲು ಕಷ್ಟಪಡುತ್ತಿದ್ದವನು ಆತ. 2006ರಲ್ಲಿ ತೀರಿಕೊಳ್ಳುವವರೆಗೆ, ನಾಲ್ವತ್ತು ವರ್ಷಕ್ಕೂ ಮೇಲೆ, ಅವೇ ಸ್ಕ್ರೂಗಳ ಮೇಲಿನ ಹಲ್ಲಲ್ಲಿ ಉಂಡ.

ಸ್ವೀಡನ್ನಿನ ದಂತವೈದ್ಯರು ಇದನ್ನು ಬಹಳ ವರ್ಷ ನಂಬಲಿಲ್ಲ. ಬ್ರೋನೆಮಾರ್ಕ್ ದಂತವೈದ್ಯನಾಗಿರಲಿಲ್ಲ ಎಂಬುದೂ ಅದಕ್ಕೆ ಕಾರಣ. ಸ್ಕ್ರೂಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಲು 1978ರಲ್ಲಿ ಒಪ್ಪಿಕೊಂಡ ಕಂಪನಿಯ ಹೆಸರು ಬೋಫೋರ್ಸ್. ಹೌದು, ಅದೇ ಫಿರಂಗಿಯ ಬೋಫೋರ್ಸ್. ಅದೇ 1978ರ ನವೆಂಬರಿನಲ್ಲಿ ಇಂದಿರಾ ಗಾಂಧಿ ನಮ್ಮ ಚಿಕ್ಕಮಗಳೂರಿನಲ್ಲಿ ಉಪಚುನಾವಣೆ ಗೆದ್ದರು. ಹತ್ತು ವರ್ಷ ಕಳೆಯುವುದರೊಳಗೆ ಅವರ ಮಗನ ಸರ್ಕಾರವನ್ನು ಅಲ್ಲಾಡಿಸಲಿದ್ದ ಕಂಪನಿ ಆ ಹೊತ್ತಿಗೆ ಹಲ್ಲಿನ ಸ್ಕ್ರೂ ಮಾಡಲು ಹೊರಟಿತ್ತು ಎನ್ನುವುದು ಜಿಲ್ಲೆಯ ವರದಿಗಾರರಾದ ನಮಗೆ ಬರೆಯದೆ ಬಿಡಲಾಗದ ಸಂಗತಿ. 1982ರಲ್ಲಿ ಟೊರಾಂಟೊದಲ್ಲಿ ನಡೆದ ಸಮ್ಮೇಳನದಲ್ಲಿ ಹದಿನೈದು ವರ್ಷದ ಲೆಕ್ಕವನ್ನು ಮುಂದಿಟ್ಟ ಮೇಲೆ ಜಗತ್ತು ಒಪ್ಪಿತು.

ಆದರೆ ‘ಟೈಟಾನಿಯಂ’ ಎಂಬ ಒಂದೇ ಮಾತಿನಲ್ಲಿ ವಿಷಯ ಮುಗಿಯುವುದಿಲ್ಲ. ಕ್ಲಿನಿಕ್ಕುಗಳಲ್ಲಿ ಆ ಮಾತು ಹೇಳಿ ಕೈತೊಳೆದುಕೊಳ್ಳುವುದನ್ನು ನಾವು ಕಂಡಿದ್ದೇವೆ. ಶುದ್ಧ ಟೈಟಾನಿಯಂನಲ್ಲೇ ನಾಲ್ಕು ಗ್ರೇಡ್ ಇವೆ. ಸೇರಿರುವ ಆಮ್ಲಜನಕದ ಪ್ರಮಾಣ ಒಂದನೆಯದರಲ್ಲಿ ಹೆಚ್ಚೆಂದರೆ 0.18%, ನಾಲ್ಕನೆಯದರಲ್ಲಿ 0.40%. ಅಷ್ಟೇ ವ್ಯತ್ಯಾಸಕ್ಕೆ ಬಲ ಎರಡು ಪಟ್ಟಿಗೂ ಹೆಚ್ಚು. ಐದನೆಯ ಗ್ರೇಡ್ ಎಂದರೆ ಮಿಶ್ರಲೋಹ, 6% ಅಲ್ಯೂಮಿನಿಯಂ, 4% ವನೇಡಿಯಂ, ಉಳಿದದ್ದು ಟೈಟಾನಿಯಂ. 1950ರ ದಶಕದಲ್ಲಿ ವಿಮಾನಗಳಿಗೆಂದು ಮಾಡಿದ್ದು, ಆಮೇಲೆ ಸೊಂಟದ ಕೀಲಿಗೆ, ಹಲ್ಲಿಗೆ ಬಂತು. ಉಬ್ರಾಣಿಯ ಅದಿರಿನಲ್ಲಿ ಒಟ್ಟಿಗಿರುವ ಎರಡು ಲೋಹಗಳು ಈ ಮಿಶ್ರಲೋಹದಲ್ಲೂ ಒಟ್ಟಿಗಿವೆ. ಇಂದು ಇಂಪ್ಲಾಂಟುಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ನಾಲ್ಕನೆಯ ಗ್ರೇಡ್, ಐದನೆಯ ಗ್ರೇಡ್ ಮತ್ತು ಐದರದ್ದೇ ಇನ್ನಷ್ಟು ಶುದ್ಧ ರೂಪವಾದ 23ನೆಯ ಗ್ರೇಡ್.

ವನೇಡಿಯಂ ಬಿಡಿಯಾಗಿ ಜೀವಕೋಶಗಳಿಗೆ ಒಳ್ಳೆಯದಲ್ಲ. ಮಿಶ್ರಲೋಹದಿಂದ ಅದು ಕಣಕಣವಾಗಿ ಹೊರಬಂದರೆ ಏನು ಗತಿ ಎಂಬ ಚಿಂತೆಯಿಂದ ಸ್ವಿಟ್ಜರ್ಲೆಂಡಿನವರು ಅದರ ಬದಲು ನಿಯೋಬಿಯಂ ಬೆರೆಸಿದರು. ಈಚೆಗೆ ಜಿರ್ಕೋನಿಯಂ ಬೆರೆಸಿ ಸಣ್ಣ ವ್ಯಾಸದ ಗಟ್ಟಿ ಸ್ಕ್ರೂ ಮಾಡುತ್ತಿದ್ದಾರೆ. ಇದನ್ನು ಓದಿ ಬಾಯಲ್ಲಿ ಇಂಪ್ಲಾಂಟ್ ಇರುವವರು ಗಾಬರಿ ಬೀಳಬೇಕಿಲ್ಲ. ವನೇಡಿಯಂ ಇರುವ ಮಿಶ್ರಲೋಹವನ್ನು ಜಗತ್ತಿನಾದ್ಯಂತ ದಶಕಗಳಿಂದ ಬಳಸುತ್ತಿದ್ದಾರೆ, ಆಕ್ಸೈಡಿನ ಪದರ ಅದನ್ನು ಹಿಡಿದಿಡುತ್ತದೆ. ಬಿಗಿತದ ಲೆಕ್ಕವೂ ಟೈಟಾನಿಯಂ ಪರವಾಗಿದೆ. ಅದರ ಬಿಗಿತ ಉಕ್ಕಿನದಕ್ಕಿಂತ ಅರ್ಧದಷ್ಟು, ಕೋಬಾಲ್ಟ್-ಕ್ರೋಮಿಯಂಗಿಂತಲೂ ಅರ್ಧದಷ್ಟು. ಲೋಹ ಅತಿ ಬಿಗಿಯಾಗಿದ್ದರೆ ಜಗಿಯುವ ಭಾರವನ್ನೆಲ್ಲ ತಾನೇ ಹೊರುತ್ತದೆ, ಕೆಲಸವಿಲ್ಲದ ಮೂಳೆ ಸೊರಗುತ್ತದೆ.

ಮೂಳೆಯೊಳಗಿನ ಸ್ಕ್ರೂ ಒಂದು ಲೋಹವಾದರೆ, ಅದರ ಮೇಲಿನ ಚಿಕ್ಕ ಸ್ಕ್ರೂ ಇನ್ನೊಂದು ಇರಬಹುದು, ಪಿಂಗಾಣಿ ಕ್ಯಾಪಿನ ಒಳಗಿನ ಟೊಪ್ಪಿ ನಿಕೆಲ್-ಕ್ರೋಮಿಯಂ ಆಗಿರಬಹುದು. ಒಂದೇ ಹಲ್ಲಿನಲ್ಲಿ ಮೂರು ಲೋಹ. ವೆನಬಲ್ ಮತ್ತು ಸ್ಟಕ್ ಹೇಳಿದ ಬ್ಯಾಟರಿ ಇಲ್ಲಿ ಮತ್ತೆ ನೆನಪಿಗೆ ಬರುತ್ತದೆ. ಅಗ್ಗದ ವಾಚು, ಕಿವಿಯೋಲೆ ಹಾಕಿದರೆ ಚರ್ಮ ಕೆರೆಯುವವರಿಗೆ ನಿಕೆಲ್ ಆಗದು. ಆ ಮಾತನ್ನು ಮೊದಲೇ ಡಾಕ್ಟರಿಗೆ ಹೇಳಬೇಕು, ಡಾಕ್ಟರು ಕೇಳಲೂಬೇಕು.

ಕಡೂರಿನ ಕಡೆಯ ಓದುಗರು ಕೇಳಬಹುದಾದ ಇನ್ನೊಂದು ಪ್ರಶ್ನೆ ಫ್ಲೋರೈಡಿನದು. ಅಲ್ಲಿಯ ಕೆಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿ ಮೀರಿದೆ, ಹಲ್ಲಿನ ಮೇಲೆ ಕಂದು ಗೀರು ಬಿದ್ದ ಮಕ್ಕಳನ್ನು ನಾವೇ ನೋಡಿದ್ದೇವೆ. ಫ್ಲೋರೈಡ್ ಟೈಟಾನಿಯಂನ ಆಕ್ಸೈಡ್ ಪದರವನ್ನು ತಿನ್ನಬಲ್ಲದು ಎಂಬುದು ನಿಜ. ಆದರೆ ಅದಕ್ಕೆ ಹುಳಿಯೂ ಜೊತೆಗಿರಬೇಕು, ಪ್ರಮಾಣವೂ ಬಹಳ ಹೆಚ್ಚಿರಬೇಕು. ದಂತವೈದ್ಯರು ಹಲ್ಲಿಗೆ ಸವರುವ ಆಮ್ಲೀಯ ಜೆಲ್‌ನಲ್ಲಿ ಫ್ಲೋರೈಡ್ 1.23%, ಅಂದರೆ ಕಿಲೋಗೆ 12,300 ಮಿಲಿಗ್ರಾಂ. ಇಂಪ್ಲಾಂಟ್ ಇರುವವರು ದೂರವಿಡಬೇಕಾದದ್ದು ಅಂಥ ಜೆಲ್ಲನ್ನು. ಬೋರಿನ ನೀರಿನ ಚಿಂತೆ ಮಾಡಬೇಕಾದದ್ದು ಮಕ್ಕಳ ಹಲ್ಲು ಮತ್ತು ಮೂಳೆಗಾಗಿ, ಸ್ಕ್ರೂಗಾಗಿ ಅಲ್ಲ. ಸ್ಕ್ರೂವಿಗೆ ನಿಜವಾದ ಶತ್ರುಗಳು ಬೀಡಿ, ಹೊಗೆಸೊಪ್ಪು, ಹತೋಟಿಯಿಲ್ಲದ ಸಕ್ಕರೆ ಕಾಯಿಲೆ ಮತ್ತು ಉಜ್ಜದ ಬಾಯಿ. ಅಡಿಕೆ ತೋಟದ ಸೀಮೆಯಲ್ಲಿ ಇದನ್ನು ಹೇಳುವುದು ನಮಗೂ ಸ್ವಲ್ಪ ಕಷ್ಟವೇ.

ಇಷ್ಟೆಲ್ಲ ಓದಿದ ಮೇಲೆ ನಮಗೆ ಅನಿಸಿದ್ದು, ಇದರಲ್ಲಿ ಬಡವರ ಪಾಲು ಬಲು ಸಣ್ಣದು. ಸರ್ಕಾರದ ದಂತ ಭಾಗ್ಯ ಯೋಜನೆಯಲ್ಲಿ ಬಿಪಿಎಲ್ ಕುಟುಂಬದ ಹಿರಿಯರಿಗೆ ಸಿಗುವುದು ಅಕ್ರಿಲಿಕ್ ಹಲ್ಲಿನ ಸೆಟ್. ಅದೂ ದೊಡ್ಡ ಉಪಕಾರವೇ, ಹಲ್ಲಿಲ್ಲದೆ ಗಂಜಿ ಕುಡಿದುಕೊಂಡಿದ್ದವರಿಗೆ ಕೇಳಿದರೆ ಗೊತ್ತಾಗುತ್ತದೆ. ಇಂಪ್ಲಾಂಟ್ ಮಾತ್ರ ಈರುಳ್ಳಿಗೆ ರೇಟು ಬಂದ ವರ್ಷದ ಮಾತು. ಹಾಗೆ ಕಷ್ಟಪಟ್ಟು ಹಾಕಿಸಿಕೊಂಡವರಿಗೆ ತಮ್ಮ ಮೂಳೆಯೊಳಗೆ ಏನಿದೆ ಎಂದು ತಿಳಿಸುವ ಒಂದು ಚೀಟಿಯೂ ಸಿಗದಿರುವುದು ಅನ್ಯಾಯ. ಗೊಬ್ಬರದ ಮೂಟೆಯ ಮೇಲೆ ಸಾರಜನಕ, ರಂಜಕ, ಪೊಟ್ಯಾಷ್ ಎಷ್ಟೆಷ್ಟು ಎಂದು ಬರೆದಿರುತ್ತದೆ, ರೈತ ಓದಿಯೇ ಕೊಳ್ಳುತ್ತಾನೆ. 2018ರ ಜನವರಿ 1ರಿಂದ ಜಾರಿಯಲ್ಲಿರುವ ವೈದ್ಯಕೀಯ ಸಾಧನಗಳ ನಿಯಮದ ಪ್ರಕಾರ ಇಂಥ ಸಾಧನದ ಡಬ್ಬಿಯ ಮೇಲೆ ತಯಾರಕರ ಹೆಸರು, ಬ್ಯಾಚ್ ನಂಬರ್ ಇರಲೇಬೇಕು. ಹಲವು ಕಂಪನಿಗಳ ಡಬ್ಬಿಯೊಳಗೆ ಇವನ್ನೂ ಸ್ಕ್ರೂವಿನ ವ್ಯಾಸ, ಉದ್ದವನ್ನೂ ಅಚ್ಚು ಹಾಕಿದ, ಕಿತ್ತು ಅಂಟಿಸುವ ಚೀಟಿಗಳು ಬರುತ್ತವೆ. ಒಂದು ಕ್ಲಿನಿಕ್ಕಿನ ಫೈಲಿಗೆ, ಒಂದು ರೋಗಿಗೆ. ಕೇಳಿದರೆ ಕೊಡುತ್ತಾರೆ. ಕೇಳಬೇಕೆಂದು ನಮಗೆ ಗೊತ್ತಿರಲಿಲ್ಲ.

ದೊಡ್ಡಪ್ಪನ ಕಥೆ ಹೀಗೆ ಮುಗಿಯಿತು. ಎಕ್ಸ್‌ರೇ ಚಿತ್ರವನ್ನು ವೈದ್ಯರು ತಮ್ಮ ಪರಿಚಯದವರಿಗೆಲ್ಲ ಕಳಿಸಿದರು. ಸ್ಕ್ರೂವಿನ ಎಳೆಗಳ ಅಂತರ, ಕತ್ತಿನ ಆಕಾರ ನೋಡಿ ದಾವಣಗೆರೆಯ ಒಬ್ಬ ವೈದ್ಯರು ಎರಡು ಕಂಪನಿಗಳ ಹೆಸರು ಹೇಳಿದರು. ಎರಡರ ಡ್ರೈವರೂ ಅವರ ಬಳಿ ಇತ್ತು. ಬೆಳಿಗ್ಗೆ ಅಜ್ಜಂಪುರದಿಂದ ಹೊರಟು ಮಧ್ಯಾಹ್ನದ ಹೊತ್ತಿಗೆ ಕುರ್ಚಿಯಲ್ಲಿ ಕೂತಾಗ ದೊಡ್ಡಪ್ಪನಿಗೆ ಎತ್ತಿನ ಜಾತ್ರೆ ನೆನಪಾಗಿರಬೇಕು. “ನಾನು ಎಷ್ಟು ದನದ ಬಾಯಿ ಬಿಡಿಸಿದೀನೋ, ಈಗ ನನ್ ಸರದಿ” ಎಂದರು. ಮೊದಲ ಡ್ರೈವರ್ ಹೊಂದಲಿಲ್ಲ, ಎರಡನೆಯದು ಕೂತಿತು. ಬಿಗಿ ಮಾಡಲು ಹತ್ತು ನಿಮಿಷ ಸಾಕಾಯಿತು.

ವೈದ್ಯರು ಒಂದು ಕಾಗದದಲ್ಲಿ ಕಂಪನಿಯ ಹೆಸರು, ಆ ಕಂಪನಿ ಬಳಸುವ ಲೋಹ, ಡ್ರೈವರಿನ ಅಳತೆ, ತಾರೀಖು ಬರೆದು ಸಹಿ ಹಾಕಿ ಕೊಟ್ಟರು. ಲೋಹದ ಮುಂದೆ ‘ಟೈಟಾನಿಯಂ, ಗ್ರೇಡ್ 5’ ಎಂದಿತ್ತು. ದೊಡ್ಡಪ್ಪ ಅದನ್ನು ಮನೆಗೆ ತಂದು, ಪಹಣಿ ಮತ್ತು ಸೊಸೈಟಿ ಸಾಲದ ರಸೀದಿ ಇಡುವ ತಗಡಿನ ಪೆಟ್ಟಿಗೆಯಲ್ಲಿ ಹಾಕಿ ಬೀಗ ಹಾಕಿದರು.